ಕಪ್ಪು ಕೊನೆಗೆ

ಆಪಾ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದವರು ಮಾತು ಮುಗಿಸುವ ಮುಂಚೆ "ಪಾಪ" ಎಂದರು. ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ಸಿಟ್ಟು ಬಂತು. ಬದುಕಿದ್ದಾಗ ಅವರ ಎದುರು ಆ ಪದ ಆಡಿದವರು ಮತ್ತೊಮ್ಮೆ ಆಡಿದ್ದನ್ನು ನಾನು ಕಾಣೆ. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಮರದ ಫ್ರೇಮುಗಳ ಕಟ್ಟನ್ನು ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದರು. ಕಟ್ಟೆಯ ಮೇಲೆ ಕೂತಿದ್ದ ಯಜಮಾನರೊಬ್ಬರು, "ಪಾಪ, ಮನೇಲಿ ಗಂಡಸರು ಯಾರೂ ಇಲ್ಲವೇನಮ್ಮಾ?" ಎಂದರು. ಆಪಾ ಕಟ್ಟನ್ನು ಕೆಳಗಿಳಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, "ಅದಾರೆ. ಹಿಂದೆ ಊಟದ ಡಬ್ಬಿ ಹಿಡ್ಕೊಂಡು ಬರ್ತಾ ಅದಾರೆ, ನೋಡ್ರಿ" ಎಂದರು. ನಿಜಕ್ಕೂ ಬರುತ್ತಿದ್ದರು. ಅವರ ಗಂಡ ಆಟೊ ಓಡಿಸುತ್ತಿದ್ದ ಸಂಭಾವಿತ ಮನುಷ್ಯ. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಡಬ್ಬಿ ಹಿಡಿದುಕೊಂಡೇ ಯಜಮಾನರಿಗೊಂದು ಸಲಾಂ ಮಾಡಿ ಮುಂದೆ ಹೋದರು.

ಆಪಾ ಬಟ್ಟೆಯ ಮೇಲೆ ಅಚ್ಚು ಹಾಕುತ್ತಿದ್ದರು. ಸ್ಕ್ರೀನ್ ಪ್ರಿಂಟಿಂಗ್. ಶಾಲೆಯ ಟೀ ಶರ್ಟು, ಕಬಡ್ಡಿ ತಂಡದ ಅಂಗಿ, ಬಟ್ಟೆ ಅಂಗಡಿಯ ಕೈಚೀಲ, ಸಂಘದ ವಾರ್ಷಿಕೋತ್ಸವದ ಟೋಪಿ, ಹೀಗೆ ಊರಿನಲ್ಲಿ ಬಣ್ಣದ ಅಚ್ಚು ಬೇಕಾದದ್ದೆಲ್ಲ ಅವರ ಮೇಜಿನ ಮೇಲೆ ಹಾದು ಹೋಗುತ್ತಿತ್ತು. ಅಂಗಡಿಗೆ ಬಂದೊಡನೆ ಬುರ್ಖಾ ಮೊಳೆಗೆ ನೇತುಹಾಕಿ, ಭಾಯಿಯ ಹಳೆಯ ಲುಂಗಿಯೊಂದನ್ನು ಎದೆಯವರೆಗೂ ಬಿಗಿದುಕೊಳ್ಳುವರು. ಡಬ್ಬಿಯ ಮುಚ್ಚಳ ತೆಗೆದು ಮೂಸಿಯೇ ಇಂಕು ಹಳಸಿದೆಯೋ ಇಲ್ಲವೋ ಹೇಳುವರು. ಉಗುರಿನ ಸುತ್ತ ಸದಾ ಕಪ್ಪು. ಮದುವೆಗೆ ಮೆಹಂದಿ ಹಾಕಿಸಿಕೊಂಡರೂ ಆ ಕಪ್ಪಿನ ಅಂಚು ಹಾಗೇ ಉಳಿಯುತ್ತಿತ್ತು. ಯಾರಾದರೂ ಅದನ್ನೇ ನೋಡಿದರೆ ಕೈ ಇನ್ನಷ್ಟು ಮುಂದೆ ಚಾಚಿ, "ಹತ್ತಿರದಿಂದ ನೋಡ್ರಿ" ಎನ್ನುವರು.

ನನ್ನದು ನ್ಯಾಮತಿ. ಹೊನ್ನಾಳಿಯಲ್ಲಿ ಒಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೆ, ದಿನಾ ಬಸ್ಸಿನಲ್ಲಿ ಓಡಾಟ. ಲಗ್ನಪತ್ರಿಕೆ, ಬ್ಯಾನರು, ಅದರ ಜೊತೆಗೆ ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ ಬೇಕಾದ ಟ್ರೇಸಿಂಗು. ನಾಲ್ಕು ಬಣ್ಣದ ಚಿತ್ರವಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಹಾಳೆ ತೆಗೆದುಕೊಡಬೇಕು. ಅವರು ಅದನ್ನು ಜಾಲರಿ ಬಿಗಿದ ಮರದ ಫ್ರೇಮಿಗೆ ಇಳಿಸಿಕೊಂಡು, ಆ ಜಾಲರಿಯ ಮೂಲಕ ಬಟ್ಟೆಗೆ ಬಣ್ಣ ಒತ್ತುತ್ತಾರೆ. ಒಂದು ದಿನ ಹೀಗೆ ಗಿರಾಕಿಯೊಬ್ಬರಿಗೆ ನಾನು ತೆಗೆದುಕೊಟ್ಟಿದ್ದ ಹಾಳೆಗಳನ್ನು ಹಿಡಿದುಕೊಂಡು ಆಪಾ ಒಳಗೆ ಬಂದರು. ಅದೇ ಮೊದಲ ಭೇಟಿ.

"ಇದನ್ನ ತೆಗೆದೋರು ಯಾರು?"

"ನಾನೇ."

"ಕಪ್ಪಿನ ಕೆಳಗೆ ಪೂರ್ತಿ ಕೆಂಪು ಹಾಸೀಯಲ್ಲವ್ವಾ. ಇದೇನು ಮದುವೆ ಮನೆ ಜಮಖಾನನಾ?"

ನನಗೂ ಬಾಯಿ ಇತ್ತು. ಚಿತ್ರ ಸರಿಯಾಗಿಯೇ ಇದೆ, ಅಚ್ಚು ಹಾಕಲು ಬರದಿದ್ದರೆ ಟ್ರೇಸಿಂಗಿನ ಮೇಲೆ ಗೂಬೆ ಕೂರಿಸಬೇಡಿ ಎಂದೆ. ಆಪಾ ಸಿಟ್ಟಾಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ಚೀಲದಿಂದ ಎರಡು ಅಂಗಿ ತೆಗೆದು ನನ್ನ ಕೀಬೋರ್ಡಿನ ಮೇಲೇ ಹಾಸಿದರು. ಒಂದರಲ್ಲಿ ಹುಲಿಯ ಮುಖ. ಇನ್ನೊಂದರಲ್ಲಿಯೂ ಅದೇ ಹುಲಿ, ಆದರೆ ಚರಂಡಿಗೆ ಬಿದ್ದು ಎದ್ದು ಬಂದಂತಿತ್ತು.

ಒಂದು ಬಣ್ಣ ಒಣಗುವ ಮೊದಲೇ ಅದರ ಪಕ್ಕಕ್ಕೆ ಮತ್ತೊಂದನ್ನು ಒತ್ತಿಕೊಂಡು ಹೋಗುವುದಕ್ಕೆ ಅವರು "ಹಸಿ ಮೇಲೆ ಹಸಿ" ಎನ್ನುತ್ತಿದ್ದರು. ಕೆಲಸ ಬೇಗ ಆಗುತ್ತದೆ. ಆದರೆ ಕೊನೆಗೆ ಬರುವ ಕಪ್ಪಿಗೆ ಕೆಳಗೆ ಹಸಿ ಬಣ್ಣ ಸಿಕ್ಕಿತೋ, ಅದು ಬಟ್ಟೆಯೊಳಕ್ಕೆ ಇಂಗುವುದಿಲ್ಲ. ಮೇಲೆಯೇ ತೇಲುತ್ತದೆ. ಫ್ರೇಮು ಎತ್ತಿದಾಗ ಅದರ ಅಡಿಗೆ ಮೆತ್ತಿಕೊಂಡು ವಾಪಸ್ಸು ಬರುತ್ತದೆ. ಮುಂದಿನ ಅಂಗಿಯ ಮೇಲೆ ಆ ಮೆತ್ತಿದ್ದೂ ಒತ್ತುತ್ತದೆ. ಹೀಗೆ ಪದರದ ಮೇಲೆ ಪದರ ಕಟ್ಟಿ, ಅಂಚು ಒಡೆದು, ಸ್ವಲ್ಪ ಹೊತ್ತಿನಲ್ಲಿ ಹುಲಿಯ ಕಣ್ಣೂ ಮೂಗೂ ಒಂದೇ ಆಗುತ್ತವೆ. ಕಪ್ಪನ್ನು ಮೊದಲೇ ಹಾಕಿಬಿಟ್ಟರೆ? ಇನ್ನೂ ಕೆಟ್ಟದು, ಉಳಿದ ಮೂರು ಫ್ರೇಮುಗಳೂ ಅದನ್ನು ಹೊತ್ತು ತಿರುಗಿ ಹಳದಿಯನ್ನೂ ಹೊಲಸು ಮಾಡುತ್ತವೆ. ಆದ್ದರಿಂದ ಕಪ್ಪು ಕೊನೆಗೇ ಬರಬೇಕು, ತೆಳ್ಳಗೆ ಬರಬೇಕು, ಅದು ಕೂರುವ ಜಾಗ ಖಾಲಿ ಇರಬೇಕು.

ಅವರು ಹೇಳಿದ ಹಾಗೆ ಕಪ್ಪಿನ ಜಾಗದಲ್ಲಿದ್ದ ಕೆಂಪನ್ನು ಪೂರ್ತಿ ಕತ್ತರಿಸಿ ತೆಗೆದೆ. ಅಚ್ಚು ಹಾಕಿದಾಗ ಎರಡು ಬಣ್ಣಗಳ ನಡುವೆ ಬಿಳಿ ಗೆರೆ ಕಾಣಿಸಿತು. "ಕೂದಲೆಳೆಯಷ್ಟು ಒಂದರ ಮೇಲೊಂದು ಬರಲೇಬೇಕು ಆಪಾ" ಎಂದು ನಾನು ಹಟ ಹಿಡಿದೆ. ಬೇಡ ಎಂದರು. ಬೇಕು ಎಂದೆ. ಒಂದು ಫ್ರೇಮು ನನ್ನ ಮಾತಿನಂತೆ ಮಾಡಿ ನೋಡಿ, ಅಂಗಿಯನ್ನು ಬೆಳಕಿಗೆ ಹಿಡಿದು, "ಜಗಳಗಂಟಿ" ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ. ಅಂದಿನಿಂದ ಅವರ ಕೆಲಸವೆಲ್ಲ ನನಗೇ ಬಂತು, ಜಗಳವೂ ದಿನಾ ಬಂತು.

ಅವರ ಕಸುಬು ಚನ್ನಗಿರಿಯದು. ತಂದೆ ಅಲ್ಲಿ ಕೈಚೀಲಗಳಿಗೆ ಅಚ್ಚು ಹಾಕುತ್ತಿದ್ದರಂತೆ. ಕಪ್ಪು ಕೊನೆಗೆ ಎಂಬುದು ತಂದೆಯದೇ ಮಾತು. ತಂದೆ ಹೋದ ಮೇಲೆ ಅಣ್ಣ ಅಂಗಡಿಗೆ ಬೀಗ ಹಾಕಿ, ಆ ಜಾಗದಲ್ಲಿ ಮೊಬೈಲ್ ಅಂಗಡಿ ತೆರೆಯಲು ಹೊರಟ. ನಿನ್ನ ಪಾಲಿಗೆ ಏನು ಬೇಕೋ ಕೇಳು ಎಂದು ಹಿರಿಯರು ಆಪಾಗೆ ಹೇಳಿದರು. ಮೇಜು, ಫ್ರೇಮುಗಳು ಮತ್ತು ತೋಳಿಗೊಂದು ಫ್ರೇಮು ಕೂರಿಸುವ ನಾಲ್ಕು ತೋಳಿನ ಅಚ್ಚಿನ ಮಷೀನು ಎಂದರು ಆಪಾ. ಹೆಂಗಸಿಗೆ ಮಷೀನು ಯಾಕೆ ಎಂದು ಯಾರೋ ನಕ್ಕರು. ಮಾರನೆಯ ದಿನವೇ, ಆಗಷ್ಟೇ ಮದುವೆಯಾಗಿದ್ದ ಭಾಯಿಯನ್ನು ಜೊತೆಗೆ ಕರೆದುಕೊಂಡು, ಮಷೀನನ್ನು ಟೆಂಪೊಗೆ ಹೇರಿಸಿ, ತಾವು ಅದರ ಪಕ್ಕ ನಿಂತುಕೊಂಡೇ ಹೊನ್ನಾಳಿಗೆ ಬಂದರು. ಮುಂದೆ ಡ್ರೈವರ್ ಪಕ್ಕ ಕೂತ ಭಾಯಿ ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರಂತೆ. "ಮಷೀನು ಬಿದ್ದೀತು ಅಂತ ನೋಡ್ತಿದ್ರು, ನಾನಲ್ಲ" ಎನ್ನುವರು ಆಪಾ. ಭಾಯಿ ಇಲ್ಲ ಎನ್ನುತ್ತಿರಲಿಲ್ಲ.

ಇಂಕನ್ನು ಜಾಲರಿಯ ಮೂಲಕ ಒತ್ತುವ ರಬ್ಬರ್ ಪಟ್ಟಿಯನ್ನು ಒಂದೇ ಸಲ ಎಳೆಯಬೇಕು ಎಂಬುದು ಅವರ ಶಿಸ್ತು. ಎರಡು ಸಲ ಎಳೆದರೆ ಇಂಕು ಹೆಚ್ಚಾಗುತ್ತದೆ, ಹೆಚ್ಚಾದದ್ದು ಫ್ರೇಮಿನ ಅಡಿಗೇ ಹೋಗುತ್ತದೆ. "ಎರಡೆರಡು ಸಲ ಎಳೆಯೋನಿಗೆ ತನ್ನ ಕೈ ಮೇಲೆ ನಂಬಿಕೆ ಇಲ್ಲ" ಎನ್ನುತ್ತಿದ್ದರು. ಮಾತಿನಲ್ಲಿಯೂ ಹಾಗೇ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುತ್ತಿರಲಿಲ್ಲ, ಒಮ್ಮೆ ಆಗಲ್ಲ ಎಂದರೆ ಆಗಲ್ಲ.

ಊರ ಹೊರಗೆ ಮೆಕ್ಕೆಜೋಳದ ಗೋದಾಮುಗಳಿವೆ. ಸುಗ್ಗಿಯಲ್ಲಿ ಅಲ್ಲಿ ಜರಡಿ ಹಿಡಿಯುವವರು, ರಾಶಿ ಬಳಿಯುವವರು, ಚೀಲ ಹೊಲಿಯುವವರು ಎಲ್ಲ ಹೆಂಗಸರು. ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುದೋಳಿನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ ದುಡಿಯುತ್ತಾರೆ. ಚೀಲ ಹೊರುವ ಗಂಡಸರಿಗೆ ಹಮಾಲರೆಂದು ಎದೆಗೆ ಹಚ್ಚಿಕೊಳ್ಳುವ ಬಿಲ್ಲೆ ಇತ್ತು. ಹೆಂಗಸರಿಗೆ ಇರಲಿಲ್ಲ. ಜೋಳ ಸ್ವಚ್ಛ ಮಾಡುವ ಯಂತ್ರಕ್ಕೆ ಸಿಕ್ಕಿ ಒಬ್ಬಾಕೆಯ ಬೆರಳುಗಳು ಹೋದಾಗ, ಆಕೆ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಬಿಲ್ಲೆ ತೋರಿಸಲಿ ಎಂದುಬಿಟ್ಟ ಗೋದಾಮಿನ ಸಾಹುಕಾರ. ಅಲ್ಲಿಂದ ಶುರುವಾಯಿತು. ಬಿಲ್ಲೆ ಕೊಡುವವರೆಗೆ ಜರಡಿ ಮುಟ್ಟುವುದಿಲ್ಲ ಎಂದು ಹೆಂಗಸರು ತೀರ್ಮಾನಿಸಿದರು. ಆ ದಿನ ಎಲ್ಲರೂ ಸೀರೆಯ ಮೇಲೆ ಒಂದೇ ಥರದ ಟೀ ಶರ್ಟು ಹಾಕಿಕೊಂಡು ಗೋದಾಮಿನ ಮುಂದೆ ಕೂರಬೇಕು, ಎದೆಯ ಮೇಲೆ ಜರಡಿ ಹಿಡಿದ ಹೆಂಗಸಿನ ಚಿತ್ರ, ಕೆಳಗೆ "ನಾವೂ ಹಮಾಲರೇ" ಎಂದಿರಬೇಕು.

ಹೊನ್ನಾಳಿಯಲ್ಲಿ ಅಚ್ಚು ಹಾಕುವವರು ಬೇರೆಯವರೂ ಇದ್ದರು. ಒಬ್ಬರ ಮಷೀನು ಕೆಟ್ಟಿತ್ತು, ಒಬ್ಬರ ಇಂಕು ಮುಗಿದಿತ್ತು, ಒಬ್ಬರ ಅತ್ತೆಗೆ ಹುಷಾರಿರಲಿಲ್ಲ. ಸಾಹುಕಾರನ ಮಾತು ಮೀರುವುದು ಯಾರಿಗೂ ಬೇಡವಾಗಿತ್ತು. ಕೊನೆಗೆ ಬೆರಳು ಕಳೆದುಕೊಂಡ ಆ ಹೆಂಗಸೇ ಆಪಾ ಹತ್ತಿರ ಬಂದಳು. ನಾನೂ ಅಲ್ಲಿದ್ದೆ. ಒಂದೇ ಬಣ್ಣದಲ್ಲಿ, ಬರೀ ಕಪ್ಪಿನಲ್ಲಿ ಮಾಡಿದರೆ ಬೇಗ ಆಗುತ್ತದೆ ಎಂದೆ. ಆ ಹೆಂಗಸು ನನ್ನ ಕಡೆ ತಿರುಗಿ, "ದಿನಾ ಸಂಜೆ ಧೂಳು ಮೆತ್ಕೊಂಡು ಬೂದಿ ಬಣ್ಣ ಆಗಿ ಮನೀಗೆ ಹೋಗ್ತೀವಕ್ಕಾ. ಚಿತ್ರದಾಗಾದ್ರೂ ಬಣ್ಣ ಇರ್ಲಿ" ಎಂದಳು.

ಆಪಾ ನನ್ನನ್ನು ನೋಡಿದರು. "ಕೇಳಿಸ್ತಾ? ನಾಲ್ಕು ಟ್ರೇಸಿಂಗು."

ಕೆಂಪು ಸೀರೆ, ನೀಲಿ ಅಂಗಿ, ಹಳದಿ ಜೋಳ, ಕಪ್ಪಿನಲ್ಲಿ ಮುಖದ ಗೆರೆ ಮತ್ತು ಅಕ್ಷರ.

ಅಚ್ಚು ಹಾಕುವ ದಿನ ಬೆಳಿಗ್ಗೆಯೇ ಮಳಿಗೆಯ ಮಾಲೀಕ ಬಂದ. ಕೆಟ್ಟವನೇನಲ್ಲ, ಹೆದರಿದವನು. "ಆಪಾ, ಸಾಹುಕಾರ್ರ ಜೊತೆ ನಂದೂ ವ್ಯವಹಾರ ಐತೆ. ಇವತ್ತೊಂದಿನ ಶಟರ್ ಇಳಿಸಿಬಿಡ್ರಿ" ಎಂದ.

"ಶಟರ್ ಎತ್ತಾಕೆ ಬಾಡಿಗೆ ಕೊಡೋದು, ಇಳಿಸಾಕಲ್ಲ."

ಅವನು ಮೀಟರಿನ ಹತ್ತಿರ ಹೋಗಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಹೊರಟುಹೋದ. ಫ್ಯಾನು ನಿಂತಿತು. ಒಂದೊಂದು ಬಣ್ಣಕ್ಕೂ ನಡುವೆ ಒಣಗಿಸಲು ಇದ್ದ ಹೀಟರು ಆರಿತು. ಉಳಿದದ್ದು ಒಂದೇ ದಾರಿ, ನಾಲ್ಕೂ ಬಣ್ಣ ಹಸಿ ಮೇಲೆ ಹಸಿ. ಆಪಾ ಶಟರನ್ನು ಇನ್ನೂ ಒಂದು ಮೊಳ ಮೇಲಕ್ಕೆ ತಳ್ಳಿದರು. ಬೀದಿಯ ಬೆಳಕೆಲ್ಲ ಮೇಜಿನ ಮೇಲೆ ಬಿತ್ತು. ಒಳಗೆ ಏನಾಗುತ್ತಿದೆ ಎಂಬುದು ಹೋಗುವವರಿಗೂ ಬರುವವರಿಗೂ ಕಾಣುವಂತಾಯಿತು.

ಮೊದಲ ಅಂಗಿಗಳು ಚೆನ್ನಾಗಿಯೇ ಬಂದವು. ಸುದ್ದಿ ತಿಳಿದು ಗೋದಾಮಿನ ಹೆಂಗಸರು ಒಬ್ಬೊಬ್ಬರೇ ಬಂದು ಸೇರಿಕೊಂಡರು. ಕೆಲವರು ಆಪಾ ತೋರಿಸಿಕೊಟ್ಟ ಹಾಗೆ ಕೆಂಪು, ನೀಲಿ, ಹಳದಿ ಎಳೆಯಲು ನಿಂತರು. ಉಳಿದವರು ಅಂಗಿಯ ಎರಡು ತುದಿ ಹಿಡಿದು ಹೊರಗೆ ಒಯ್ದು, ಲೈಟು ಕಂಬಕ್ಕೂ ಬೇವಿನ ಮರಕ್ಕೂ ಕಟ್ಟಿದ ಹಗ್ಗದ ಮೇಲೆ ಒಣಗಿಸುತ್ತಿದ್ದರು. ಬಿಸಿಲು ಏರಿತು, ಕೈ ಅವಸರಕ್ಕೆ ಬಿತ್ತು. ಆಗ ಕಪ್ಪು ಕಟ್ಟತೊಡಗಿತು. ಮೊದಲು ಅಕ್ಷರದ ಅಂಚು ದಪ್ಪವಾಯಿತು. ಆಮೇಲೆ ಚಿತ್ರದ ಹೆಂಗಸಿಗೆ ಗಡ್ಡ ಬಂದಿತು. ಅದರ ಮುಂದಿನ ಅಂಗಿಯಲ್ಲಿ ಮುಖವೇ ಇರಲಿಲ್ಲ, ಒಂದು ಮಸಿಯ ಮುದ್ದೆ.

ಬೆರಳಿಲ್ಲದ ಹೆಂಗಸು ಆ ಅಂಗಿಯನ್ನು ಎತ್ತಿಕೊಂಡು, "ಇರ್ಲಿ ಬಿಡ್ರಿ ಆಪಾ. ನಮ್ಮ ಮುಖಕ್ಕೆ ಮಸಿ ಮೆತ್ತೋರು ಬೇಕಾದಷ್ಟು ಜನ ಅದಾರೆ. ಇದೊಂದು ಏನು ಮಹಾ" ಎಂದಳು. ನಗುತ್ತಲೇ ಹೇಳಿದಳು.

ಆಪಾ ರಬ್ಬರ್ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದರು. "ಮೆತ್ತೋರು ಹೊರಗೆ ಮೆತ್ತಲಿ. ನನ್ನ ಮೇಜಿನ ಮೇಲೆ ಮೆತ್ತಾಕೆ ಬಿಡಲ್ಲ. ನಿಲ್ಲಿಸ್ರಿ ಎಲ್ಲಾ."

ಎಲ್ಲ ನಿಂತಿತು. ಮೊಣಕಾಲೂರಿ ಕೂತು ಕಪ್ಪಿನ ಫ್ರೇಮನ್ನು ಎತ್ತಿ ಅದರ ಹೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಜಾಲರಿ ಸಡಿಲಾಗಿ ಬಟ್ಟೆಗೆ ಅಂಟಿಕೊಂಡು ಕೂರುತ್ತಿತ್ತು. ಒತ್ತಿದ ತಕ್ಷಣ ಚಟ್ಟನೆ ಬಿಟ್ಟು ಮೇಲೇಳಬೇಕಾದದ್ದು, ಏಳುತ್ತಿರಲಿಲ್ಲ. ಚಹಾಪುಡಿಯ ಪೆಟ್ಟಿಗೆ ಹರಿದು, ರಟ್ಟಿನ ತುಂಡುಗಳನ್ನು ಫ್ರೇಮಿನ ಮೂಲೆಗಳಿಗೆ ಅಂಟಿಸಿ, ಬಟ್ಟೆಗೂ ಜಾಲರಿಗೂ ನಡುವೆ ತುಸು ಸಂದು ಮಾಡಿದರು. ಅಡಿಗೆ ಮೆತ್ತಿದ್ದನ್ನು ಒಣಬಟ್ಟೆಯಿಂದ ಒರೆಸಿದರು. ನಾನು ಒದ್ದೆ ಬಟ್ಟೆ ತಂದದ್ದಕ್ಕೆ ಬೈಸಿಕೊಂಡೆ, ಒದ್ದೆಯಾದರೆ ಕಪ್ಪು ಇನ್ನೂ ಹರಡುತ್ತದೆ. ಕೆಂಪು, ನೀಲಿ ಎಳೆಯುತ್ತಿದ್ದವರಿಗೆ ಕೈ ಹಗುರ ಮಾಡಿ ಎಂದರು, ಕೆಳಗಿನ ಬಣ್ಣ ದಪ್ಪಗಿದ್ದರೆ ಮೇಲಿನ ಕಪ್ಪಿಗೆ ಜಾಗ ಇರುವುದಿಲ್ಲ. ಕಪ್ಪಿಗೆ ಮಾತ್ರ ಅಂಚು ಚೂಪಾಗಿದ್ದ ಹೊಸ ಪಟ್ಟಿ ತೆಗೆದರು. ಒಂದೇ ಎಳೆತ. ಕೆಲವು ಅಂಗಿಗಳಾದ ಮೇಲೆ ಹಳೆಯ ಪೇಪರಿನ ಮೇಲೆ ಒಂದು ಅಚ್ಚು ಒತ್ತಿ, ಅಡಿಗೆ ಕಟ್ಟಿದ್ದನ್ನು ಪೇಪರಿಗೇ ಇಳಿಸಿಬಿಡುವುದು. ಮತ್ತೆ ಅಂಗಿ.

ಚಿತ್ರದ ಹೆಂಗಸಿಗೆ ಕಣ್ಣು ಬಂದಿತು. ಮೂಗಿನಲ್ಲಿದ್ದ ನತ್ತು ಕೂಡ ಕಾಣಿಸಿತು.

ಬಣ್ಣ ಒಗೆತಕ್ಕೆ ಹೋಗದಿರಬೇಕಾದರೆ ಒಣಗಿದ ಮೇಲೆ ಶಾಖ ಕೊಡಬೇಕು, ಕರೆಂಟು ಇಲ್ಲ. ಭಾಯಿ ಆಟೊ ತಿರುಗಿಸಿಕೊಂಡು ಹೋಗಿ, ಊರಲ್ಲಿ ಎಲ್ಲೆಲ್ಲಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಸಿಗುತ್ತವೋ ಅಷ್ಟನ್ನೂ ಕೇಳಿ ತಂದರು. ಹೆಂಗಸರು ಬೀದಿಯ ಬದಿಯಲ್ಲೇ ಕಂಬಳಿ ಹಾಸಿಕೊಂಡು ಇಸ್ತ್ರಿ ಮಾಡಿದರು. ಸಂಜೆಯ ಹೊತ್ತಿಗೆ ಸಾಹುಕಾರನ ಮೇಸ್ತ್ರಿ ಬೈಕು ನಿಲ್ಲಿಸಿಕೊಂಡು ನೋಡುತ್ತ ನಿಂತ. ಆಪಾ ಒಂದು ಅಂಗಿಯನ್ನು ಕೊಡವಿ ಅವನ ಎದೆಗೆ ಅಳತೆ ಹಿಡಿದು, "ನಿಮಗೆ ದೊಡ್ಡ ಸೈಜು ಬೇಕಾಗ್ತೈತೆ" ಎಂದರು. ಸುತ್ತಲಿನ ಹೆಂಗಸರೆಲ್ಲ ಹೋ ಎಂದು ನಕ್ಕರು. ಬೈಕು ಹೊರಟಿತು.

ಮಾರನೆಯ ದಿನ ಗೋದಾಮಿನ ಮುಂದೆ ಆ ಅಂಗಿಗಳ ಸಾಲು ನೋಡಿದವರಲ್ಲಿ ನಾನೂ ಒಬ್ಬಳು. ಕಾದು ನಿಂತ ಲಾರಿಗಳಿಗೆ ಜೋಳ ಏರಲಿಲ್ಲ. ಬಿಲ್ಲೆ ಇದ್ದ ಗಂಡಸರಲ್ಲಿಯೂ ಹಲವರು ಚೀಲ ಮುಟ್ಟದೆ ಮರದ ಕೆಳಗೆ ಕೂತರು. ಹಟ ಸಾಕಷ್ಟು ದಿನ ನಡೆಯಿತು. ಕೊನೆಗೆ ಹೆಂಗಸರಿಗೂ ಬಿಲ್ಲೆ ಬಂತು, ಬೆರಳು ಕಳೆದುಕೊಂಡಾಕೆಯ ಆಸ್ಪತ್ರೆಯ ಖರ್ಚನ್ನು ಸಾಹುಕಾರನೇ ಒಪ್ಪಿಕೊಂಡ. ಕೂಲಿ ಮಾತ್ರ ಇದ್ದಷ್ಟೇ ಇತ್ತು. ಮಾಲೀಕ ಆಪಾರಿಂದ ಮಳಿಗೆ ಬಿಡಿಸಿದ. ಖಾಲಿ ಮಾಡುವ ದಿನ ಮಾಲೀಕನ ಮನೆಯವರೆಗೂ ಹೋಗಿ, "ನನ್ನ ಫ್ಯೂಸು ಕೊಡ್ರಿ. ಅದು ನಾನು ತಂದು ಹಾಕಿದ್ದು" ಎಂದು ಕೇಳಿ ಇಸಿದುಕೊಂಡು ಬಂದರು.

ನಾನೇ ನ್ಯಾಮತಿಯಲ್ಲಿ ಜಾಗ ಹುಡುಕಿಕೊಟ್ಟೆ. ಗೋವಿನಕೋವಿ ಕಡೆಯ ಶಾಲೆ, ಸಂಘಗಳ ಕೆಲಸ ಸಿಕ್ಕಿ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಜಾಗ ಕೊಟ್ಟ ಬಟ್ಟೆ ವ್ಯಾಪಾರಿ ಒಂದು ದಿನ ಸಾದಾ ಟೀ ಶರ್ಟುಗಳ ರಾಶಿ ತಂದು, ಯಾವುದೋ ದೊಡ್ಡ ಕಂಪನಿಯ ಗುರುತನ್ನು ಅವುಗಳ ಮೇಲೆ ಹಾಕಿಕೊಡಿ ಎಂದ. "ಇದು ಅವರ ಬಟ್ಟೆ ಅಲ್ಲವಲ್ಲ" ಎಂದರು ಆಪಾ. "ಯಾರಿಗೆ ಗೊತ್ತಾಗ್ತೈತೆ ಆಪಾ? ಎಲ್ಲಾ ಕಡೆ ಮಾಡ್ತಾರೆ." "ನನಗೆ ಗೊತ್ತಾಗ್ತೈತಲ್ಲ." ಅಲ್ಲಿಗೆ ನ್ಯಾಮತಿಯೂ ಮುಗಿಯಿತು. ಸ್ವಲ್ಪ ತಗ್ಗಿ ನಡೆದರೆ ಏನು ಗಂಟು ಹೋಗುತ್ತದೆ ಎಂದು ನಾನು ಆ ದಿನ ಕೂಗಾಡಿದೆ. ಊರು ಬಿಟ್ಟು ಹೋಗುತ್ತಾರಲ್ಲ ಎಂಬ ಸಂಕಟ ನನ್ನದು. ಆಪಾ ಫ್ರೇಮುಗಳಿಗೆ ಹಗ್ಗ ಬಿಗಿಯುತ್ತಲೇ, "ಜಗಳೂರಿಗೂ ಬಸ್ಸು ಐತೆ. ಜಗಳ ಆಡಾಕೆ ಬಾ" ಎಂದರು.

ಜಗಳೂರಿನಲ್ಲಿ ಭಾಯಿಯ ಸಂಬಂಧಿಕರ ಒಂದು ಹಳೆಯ ಕೋಣೆ ಇತ್ತು. ಅಲ್ಲಿಯ ಒಣಗಾಳಿಗೆ ಇಂಕು ಜಾಲರಿಯಲ್ಲಿಯೇ ಗಟ್ಟಿಯಾಗುತ್ತಿತ್ತಂತೆ. ಗೋಡೆಗೆ ಒದ್ದೆ ಗೋಣಿಚೀಲ ಇಳಿಬಿಟ್ಟು, ನೀರು ಚಿಮುಕಿಸಿಕೊಳ್ಳುತ್ತ ಅದನ್ನೂ ಪಳಗಿಸಿದರು. ನಾನು ಟ್ರೇಸಿಂಗುಗಳನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೆ, ಬೈಗಳು ಫೋನಿನಲ್ಲಿ ಬರುತ್ತಿದ್ದವು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಬಲಗೈ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ಭಾಯಿ ಬಾಗಿಲಲ್ಲೇ ಸಿಕ್ಕು, "ನೀವಾದ್ರೂ ಹೇಳ್ರಿ. ಹಾಸಿಗೆ ಮೇಲೆ ಒಂದು ಗಳಿಗೆ ಇರವಲ್ಲರು" ಎಂದರು. ಒಳಗೆ ಆಪಾ ಮೇಜಿನ ಮುಂದೆ ನಿಂತಿದ್ದರು. ಬಲಗೈಯನ್ನು ದುಪಟ್ಟಾದಿಂದ ಎದೆಗೆ ಕಟ್ಟಿಕೊಂಡು ಎಡಗೈಯಲ್ಲಿ ಪಟ್ಟಿ ಹಿಡಿದಿದ್ದರು. ಸೊಕ್ಕೆ ಕಡೆಯ ಹುಡುಗಿಯರ ಕೊಕ್ಕೊ ತಂಡದ ಅಂಗಿಗಳು. ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರ. ಒಂದಿಷ್ಟು ಅಂಗಿಗಳನ್ನು ಕಾಯಿಲೆಗೆ ಮೊದಲೇ ಮುಗಿಸಿದ್ದರು, ಮಿಕ್ಕವು ಬಾಕಿ. ಎಡಗೈಯಲ್ಲಿ ಎಳೆದದ್ದೆಲ್ಲ ಒಂದು ಪಕ್ಕಕ್ಕೆ ವಾಲುತ್ತಿತ್ತು. ಆ ಪಕ್ಕದಲ್ಲಿ ಕಪ್ಪು ಕಟ್ಟಿಕೊಂಡು ಹದ್ದಿನ ಒಂದು ರೆಕ್ಕೆ ಹೆಪ್ಪುಗಟ್ಟಿದ ಟಾರಿನಂತೆ ಕಾಣುತ್ತಿತ್ತು.

ತಂಡದ ಮೇಷ್ಟ್ರು ಬಂದು ಅಂಗಿಯನ್ನು ನೋಡಿ ಒಳ್ಳೆಯ ಮಾತಿನಲ್ಲಿಯೇ ಹೇಳಿದರು: "ಸಾಕ್ರಿ ಆಪಾ, ಹುಷಾರಿಲ್ಲದಾಗ ಇಷ್ಟು ಮಾಡೀರಲ್ಲ. ನಡೀತೈತೆ, ಕೊಡ್ರಿ."

"ನಡೆಯಲ್ಲ" ಎಂದರು ಆಪಾ. "ಹುಷಾರಿಲ್ಲದೋಳು ಮಾಡಿದ್ದು ಅಂತ ಯಾರೂ ನನ್ನ ಕೈಯಿಂದ ಬಟ್ಟೆ ತಗೊಳ್ಳೋದು ಬೇಡ. ಆಟ ಯಾವಾಗ ಐತೋ ಅದಕ್ಕೆ ಮುಂಚೆ ಬರ್ರಿ."

ಕೆಟ್ಟ ಅಂಗಿಗಳನ್ನು ಮೇಷ್ಟ್ರ ಎದುರಿಗೇ ಭಾಯಿಯ ಕೈಯಲ್ಲಿ ಹರಿಸಿ, ಒರೆಸುವ ಬಟ್ಟೆ ಮಾಡಿ ಇಟ್ಟರು. ಆಮೇಲೆ ದಿನಗಟ್ಟಲೆ ಹಳೆಯ ಪೇಪರಿನ ಮೇಲೆ ಅಭ್ಯಾಸ. ಎಳೆಯಲು ಎಡಗೈಯಲ್ಲಿ ಕಸುವಿರಲಿಲ್ಲ. ಎಳೆದು ಎಳೆದು ಸಾಕಾಗಿ, ಮೇಜಿನ ಇನ್ನೊಂದು ಬದಿಗೆ ಹೋಗಿ ನಿಂತು, ಮೈಭಾರವನ್ನೆಲ್ಲ ತೋಳಿಗೆ ಹಾಕಿ ಪಟ್ಟಿಯನ್ನು ಮುಂದಕ್ಕೆ ತಳ್ಳಿದರಂತೆ. ಒಂದೇ ಸಲ. ಫ್ರೇಮು ಎತ್ತಿ ನೋಡಿದರೆ ಇಂಕು ತೆಳ್ಳಗೆ ಕೂತಿತ್ತು, ಅಡಿಯಲ್ಲಿ ಕಪ್ಪು ಕಟ್ಟಿರಲಿಲ್ಲ. ಕೂಡಲೇ ನನಗೆ ಫೋನು ಬಂತು.

"ಏ ಜಗಳಗಂಟಿ, ಇಷ್ಟು ವರ್ಷ ಎಳೆದಿದ್ದೇ ದಂಡ ಆತಲ್ಲೇ. ತಳ್ಳಬೇಕಿತ್ತು!" ಎಂದು ಕೂಗಿದರು. ಅವರ ದನಿಯಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಂಗಿ ಒಯ್ಯಲು ಮೇಷ್ಟ್ರು ಬರುವ ದಿನ ನಾನೂ ಜಗಳೂರಿಗೆ ಹೋಗಿದ್ದೆ. ಎಲ್ಲವನ್ನೂ ಮಡಿಚಿ ಒಂದೇ ರಾಶಿ ಮಾಡಿದ್ದರು. ಮೇಷ್ಟ್ರು ಮೇಲಿನಿಂದ ಕೆಲವನ್ನು ಬಿಚ್ಚಿ, ಕೆಳಗಿನಿಂದ ಕೆಲವನ್ನು ಎಳೆದು ನೋಡಿದರು. ಎಲ್ಲ ಹದ್ದುಗಳೂ ಎರಡೂ ರೆಕ್ಕೆ ಬಿಚ್ಚಿ ಹಾರುತ್ತಿದ್ದವು. ಪುಕ್ಕದ ಗೆರೆ ಒಂದೊಂದೂ ಬಿಡಿಬಿಡಿ.

"ಇದರಾಗೆ ಎಡಗೈಲಿ ಮಾಡಿದ್ದು ಯಾವು ಆಪಾ?" ಎಂದರು.

ಆಪಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಬಸಿಯಲ್ಲಿದ್ದ ಚಹಾವನ್ನು ಎಡಗೈಯಲ್ಲಿ ಎತ್ತಿ, ಒಂದು ಹನಿ ಚೆಲ್ಲದಂತೆ ಕುಡಿದು ಕೆಳಗಿಟ್ಟರು.

"ಹೇಳಲ್ಲ. ಹುಡುಕ್ಕೊಳ್ರಿ."

ಮೇಷ್ಟ್ರು ಕಿಟಕಿಯ ಹತ್ತಿರ ಹೋಗಿ ಅಂಗಿಗಳನ್ನು ಬೆಳಕಿಗೆ ಹಿಡಿದರು. ನಾನೂ ಎದ್ದೆ. ಭಾಯಿಯೂ ಬಂದರು. ಮೂವರೂ ಒಂದೊಂದೇ ಅಂಗಿಯನ್ನು ತಿರುಗಿಸಿ ಮುರುಗಿಸಿ, ಕಪ್ಪಿನ ಅಂಚಿಗೆ ಬೆರಳಾಡಿಸಿ, ರಾಶಿ ಪೂರ್ತಿ ಮುಗಿಯುವವರೆಗೆ ಹುಡುಕಿದೆವು. ಸಿಗಲಿಲ್ಲ.